ರಾಗಿ ಮೊಳಕೆ ಮೇಲೆ ಬರ್ತಿಲ್ಲ ಅಂದ್ರಲ್ಲ, ಅದಕ್ಕೆ

ನಾಗಮಂಗಲದ ಕೆಂಪು ಹೊಲದಲ್ಲಿ ರಾಗಿ ಬಿತ್ತಿದ ಮಾರನೇ ದಿನ ಜೋರು ಮಳೆ, ಆಮೇಲೆ ಬಿಸಿಲು, ಈಗ ಅಲ್ಲಲ್ಲಿ ಮಾತ್ರ ಮೊಳಕೆ ಅಂತ ಬರೆದಿದ್ದೀರಿ. ಬೀಜ ಕೆಟ್ಟದ್ದು ಅಂತ ಈಗಲೇ ತೀರ್ಮಾನ ಮಾಡಬೇಡಿ ಅಣ್ಣ. ಮೇಲ್ಮಣ್ಣು ಒಣಗಿ ಗಟ್ಟಿ ಪದರವಾಗಿ ಚಕ್ಕೆ ಎದ್ದಿರುವ ಕಡೆ ಮೆಲ್ಲಗೆ ಎತ್ತಿ ನೋಡಿ. ಕೆಳಗೆ ಬಿಳಿಚಿಕೊಂಡು ಸೊಟ್ಟಗಾದ ಮೊಳಕೆ ಇದ್ದರೆ ತಪ್ಪು ಮೇಲ್ಮಣ್ಣಿನದು.

ಮಳೆಹನಿ ಬಡಿದು ಹೆಂಟೆ ಒಡೆಯುತ್ತದೆ. ನುಣ್ಣನೆ ಮಣ್ಣು ಸಂದುಗಳನ್ನು ಮುಚ್ಚಿ, ಒಣಗಿದಾಗ ಗಟ್ಟಿಯಾಗುತ್ತದೆ. ರಾಗಿಯಂಥ ಸಣ್ಣ ಕಾಳಿಗೆ ಅದನ್ನು ಸೀಳುವ ಶಕ್ತಿ ಎಲ್ಲಿದೆ? ಮುಂದಿನ ಮಳೆಯ ನೀರೂ ಇಂಗದೆ ಹರಿದುಹೋಗುತ್ತದೆ.

ನೀರಿದ್ದರೆ ಇವತ್ತೇ ತುಂತುರು ಬಿಡಿ, ಚಕ್ಕೆ ಮೆತ್ತಗಾದರೆ ಸಾಕು. ಇಲ್ಲದಿದ್ದರೆ ಮುಳ್ಳಿನ ಕೊಂಬೆಯನ್ನು ಹಗುರವಾಗಿ ಎಳೆಯಿರಿ. ಆಳಕ್ಕೆ ಹೋದರೆ ಮೊಳಕೆಯೇ ಮುರಿಯುತ್ತದೆ. ನಾನು ಒಮ್ಮೆ ಎರಡು ದಿನ ತಡಮಾಡಿ ಅರ್ಧ ಹೊಲ ಮತ್ತೆ ಬಿತ್ತಬೇಕಾಯಿತು, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೇನೆ.

ಮುಂದಿನ ಸಲ ರೋಟವೇಟರ್‌ನಲ್ಲಿ ಮಣ್ಣನ್ನು ಹಿಟ್ಟು ಮಾಡಬೇಡಿ. ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು ಜಾಸ್ತಿ ಹಾಕಿ. ಮಣ್ಣು ಸರಿಪಡಿಸೋಕೆ ಹಾಕುವ ಜಿಪ್ಸಂ ಪುಡಿ ಸುಮ್ನೆ ತರಬೇಡಿ, ಮಣ್ಣು ಪರೀಕ್ಷೆಯಲ್ಲಿ ಸೋಡಿಯಂ ಜಾಸ್ತಿ ಬಂದರೆ ಮಾತ್ರ. ಚಕ್ಕೆ ಎತ್ತಿ ನೋಡಿದ ಮೇಲೆ ಏನು ಕಂಡಿತು ಅಂತ ಬರೆಯಿರಿ.