ಗಣಿ ಕೆಸರಿಂದ ಬಣ್ಣದ ನೀರು ಕ್ಲೀನ್ ಮಾಡೋಕಾಗತ್ತಾ?

ಸಂಡೂರು ಕಡೆ ಅದಿರು ತೊಳೆದಮೇಲೆ ಉಳಿಯೋ ಕೆಂಪು ಕೆಸರಿಂದ ಬಳ್ಳಾರಿ ಜೀನ್ಸ್ ವಾಷಿಂಗ್ ಯೂನಿಟ್‌ಗಳ ನೀಲಿ ನೀರು ಕ್ಲೀನ್ ಮಾಡಬಹುದಾ ಅಂತ ಕೇಳಿದೀರಿ. ಲ್ಯಾಬ್‌ನಲ್ಲಂತೂ ಆಗತ್ತೆ, ನನ್ನ ಎಂಎಸ್ಸಿ ಪ್ರಾಜೆಕ್ಟ್ ಇದೇ ಆಗಿತ್ತು. ಒಂದೇ ಜಿಲ್ಲೇಲಿ ಎರಡೂ ಬಿದ್ದಿವೆ, ಒಂದರಿಂದ ಇನ್ನೊಂದಕ್ಕೆ ಮದ್ದು ಸಿಗಲಿ ಅಂತ ನಂಗೂ ತುಂಬಾ ಆಸೆ.

ಆ ಕೆಂಪು ಕೆಸರಲ್ಲಿ ಜಾಸ್ತಿ ಇರೋದು ಕಬ್ಬಿಣದ ಆಕ್ಸೈಡು, ಸಿಲಿಕಾ, ಜೇಡಿ. ಕಬ್ಬಿಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದ್ರೆ ಹೈಡ್ರಾಕ್ಸಿಲ್ ರಾಡಿಕಲ್ ಅನ್ನೋ ತುಂಬಾ ಚುರುಕಾದ ಕಣ ಹುಟ್ಟತ್ತೆ, ಅದು ಸಿಕ್ಕ ಸಿಕ್ಕ ಬಣ್ಣದ ಅಣುನೆಲ್ಲ ಹರಿದು ಹಾಕತ್ತೆ. 1894ರಲ್ಲಿ ಫೆಂಟನ್ ಅನ್ನೋರು ತೋರಿಸಿದ ರಿಯಾಕ್ಷನ್ನೇ ಇದಕ್ಕೆ ಬುನಾದಿ. ಆದ್ರೆ ಸಂಡೂರಿನ ಅದಿರು ಹೆಚ್ಚಾಗಿ ಹೆಮಟೈಟ್ (ಕೆಂಪು ಕಬ್ಬಿಣದ ಆಕ್ಸೈಡು), ಅದರ ಜೊತೆ ಈ ರಿಯಾಕ್ಷನ್ ನಿಧಾನ, ಅದಕ್ಕೇ ಇದ್ದಿಲ ಪುಡಿ ಬೆರೆಸಿ ಗಾಳಿ ಆಡದ ಹಾಗೆ ಕುಲುಮೇಲಿ ಕಾಯಿಸ್ತಾರೆ, ಆಗ ಕೆಂಪು ಹೋಗಿ ಅಯಸ್ಕಾಂತಕ್ಕೆ ಅಂಟೋ ಕಪ್ಪು ಆಕ್ಸೈಡು, ಅಂದ್ರೆ ಮ್ಯಾಗ್ನೆಟೈಟ್ ಆಗತ್ತೆ, ಕೆಲಸ ಮುಗಿದಮೇಲೆ ಅಯಸ್ಕಾಂತ ಹಿಡಿದ್ರೆ ಪುಡಿ ವಾಪಸ್ ಸಿಗತ್ತೆ.

ಈಗ ಮುಖ್ಯವಾದ ಮಾತು. ಬೀಕರ್‌ನಲ್ಲಿ ಮಿಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣದ ನೀರು ತಿಳಿಯಾದಾಗ ನಾವೆಲ್ಲ ಕುಣಿದಾಡಿದ್ವಿ, ಆಮೇಲೆ ಪೆರಾಕ್ಸೈಡ್ ಹಾಕದೇ ಬರೀ ಪುಡಿ ಹಾಕಿ ನೋಡಿದ್ರೆ ಆಗ್ಲೂ ಬಣ್ಣ ಸುಮಾರು ಇಳೀತು, ಅಂದ್ರೆ ಸ್ವಲ್ಪ ಬಣ್ಣ ಒಡೆದೇ ಇರಲಿಲ್ಲ, ಪುಡಿಗೆ ಅಂಟ್ಕೊಂಡು ಕೂತಿತ್ತು. ಈ ಹೋಲಿಕೆ ಟೆಸ್ಟ್ ಮಾಡದೇ ಯಾರಾದ್ರೂ ಬಣ್ಣ ಹೋಯ್ತು ಅಂದ್ರೆ ನಂಬಬೇಡಿ. ಸಿಒಡಿನೂ (ನೀರಲ್ಲಿರೋ ಕೊಳೆ ಆಕ್ಸಿಡೈಸ್ ಆಗೋಕೆ ಎಷ್ಟು ಆಕ್ಸಿಜನ್ ಬೇಕು ಅನ್ನೋ ಅಳತೆ) ನೋಡಿ, ಆದ್ರೆ ಉಳಿದ ಪೆರಾಕ್ಸೈಡ್ ಇದ್ರೆ ಆ ರೀಡಿಂಗ್ ಸುಮ್ಮನೆ ಏರತ್ತೆ, ಮೊದಲು ಅದನ್ನ ತೆಗೀಬೇಕು.

ಜೀನ್ಸ್ ನೀರು ಬೀಕರ್‌ನ ನೀರಿಗಿಂತ ಕಷ್ಟ. ಅದರಲ್ಲಿ ಇಂಡಿಗೋ ಅನ್ನೋ ಜೀನ್ಸ್‌ನ ನೀಲಿ ಬಣ್ಣದ ಜೊತೆ ಬಟ್ಟೆಯ ಗಂಜಿ, ಸೋಪು, ಉಪ್ಪು ಇರತ್ತೆ, ರಾಡಿಕಲ್‌ಗಳು ಬಣ್ಣಕ್ಕಿಂತ ಮೊದಲು ಗಂಜಿ ಮೇಲೇ ಖರ್ಚಾಗಿ ಹೋಗ್ತವೆ. ಮೇಲಾಗಿ ಆಸಿಡ್ ಹಾಕಿ ನೀರಿನ ಪಿಎಚ್ 3ರ ಹತ್ರ ಇಳಿಸಿದ್ರೇ ಇದು ಜೋರಾಗಿ ನಡೆಯೋದು, ಆ ಆಸಿಡ್‌ಗೂ ಆಮೇಲೆ ಹಾಕೋ ಸುಣ್ಣಕ್ಕೂ ದುಡ್ಡು ಬೇಕು. ಆಸಿಡ್‌ನಲ್ಲಿ ಪುಡಿಯಿಂದ ಬೇರೆ ಲೋಹ ನೀರಿಗೆ ಬಿಟ್ಕೊಳ್ತಿದ್ಯಾ ಅಂತ ಟೆಸ್ಟ್ ಮಾಡದೇ ಆ ನೀರನ್ನ ಯಾರ ಹೊಲಕ್ಕೂ ಬಿಡಬೇಡಿ, ಕೈ ಮುಗಿದು ಕೇಳ್ಕೋತೀನಿ.



ನಿಮ್ಮ ಕೆಸರಿನ ಸ್ಯಾಂಪಲ್ ಒಣಗಿಸಿ ಅಯಸ್ಕಾಂತ ಹಿಡಿದು ನೋಡಿ, ಎಷ್ಟು ಅಂಟತ್ತೆ ಹೇಳಿ, ಕಾಯಿಸೋದು ಬೇಕಾ ಬೇಡ್ವಾ ಅಂತ ಅದರ ಮೇಲೆ ಹೇಳ್ತೀನಿ.