ಚೆರೋಕೀ ಪರ್ಪಲ್, ಬ್ಲ್ಯಾಕ್ ಕ್ರಿಮ್ ಎರಡೂ ಟೊಮೆಟೊ ತಳಿಗಳು ಒಂದೇ ಥರ ಕಾಣ್ತಿವೆ, ಚೀಟಿ ಅಳಿಸಿಹೋಗಿದೆ. ಪುಣೆ ಬಿಸಿಲು ತಡೆಯೋದು ಯಾವುದು ಅಂತ ಗುರುತಿಸಿ ಬೀಜ ಇಡೋದು ಹೇಗೆ?

ದಯವಿಟ್ಟು ಈ ಏಪ್ರಿಲ್ ಹಣ್ಣಿನ ಬೀಜ ಇಡಬೇಡಿ. ನಾನು ಇಟ್ಟಿದ್ದೆ.

ನಾನು ಧಾರವಾಡದವಳು, ಮದುವೆಯಾದ ಮೇಲೆ ಪುಣೆಯ ಕೋಥ್ರೂಡಿಗೆ ಬಂದೆ. ಟೆರೇಸಿನಲ್ಲಿ ಮೊದಲು ಊರಿಂದ ತಂದ ಜವಾರಿ ಟೊಮೆಟೊ ಮಾತ್ರ ಇತ್ತು. ಆಮೇಲೆ ಬೀಜ ಹಂಚಿಕೊಳ್ಳುವ ಗೆಳತಿಯೊಬ್ಬಳಿಂದ ನೀವು ಹೇಳುವ ಇವೆರಡೂ ಬಂದವು. ಎರಡರ ಎಲೆಯೂ ಮಾಮೂಲಿ ಟೊಮೆಟೊ ಎಲೆ. ಎರಡೂ ಆಸರೆ ಕೊಟ್ಟಷ್ಟೂ ಬೆಳೆಯುತ್ತಲೇ ಹೋಗುವ ಜಾತಿ. ಹಣ್ಣು ಚಪ್ಪಟೆ, ತೊಟ್ಟಿನ ಸುತ್ತ ಹಸಿರು. ಮಾರ್ಚ್ ಹೊತ್ತಿಗೆ ನನ್ನ ಕುಂಡಗಳ ಹೆಸರೂ ಬಿಸಿಲಿಗೆ ಅಳಿಸಿಹೋಗಿತ್ತು (ಮಾರ್ಕರ್ ಬೇಡ, ಸೀಸದಕಡ್ಡಿಯಲ್ಲಿ ಬರೆಯಿರಿ, ಅದು ಉಳಿಯುತ್ತೆ). ಹಾಗಾಗಿ ಹಣ್ಣಿನ ಬಣ್ಣ ನೋಡಿ ವಿಂಗಡಿಸಿದೆ. ನೇರಳೆ-ಗುಲಾಬಿ ಛಾಯೆ ಇದ್ದರೆ ಚೆರೋಕೀ, ಇಟ್ಟಿಗೆ-ಕಂದು ಇದ್ದರೆ ಕ್ರಿಮ್. ಎಲ್ಲರೂ ಹೇಳುವ ಗುರುತು ಇದೇ. ಚಳಿಗಾಲದಲ್ಲಿ ಅದು ಸರಿಯೂ ಹೌದು.

ಬೇಸಿಗೆಯಲ್ಲಿ ಅದು ನಡೆಯಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ನನ್ನ ಒಂದು ಇಡೀ ಹಂಗಾಮು ಹೋಗಿದ್ದು ಇಲ್ಲೇ. ಟೊಮೆಟೊಗೆ ಕೆಂಪು ಬರೋದು ಲೈಕೋಪೀನ್‌ನಿಂದ. ಉಷ್ಣತೆ 30 ಡಿಗ್ರಿ ದಾಟಿದರೆ ಗಿಡದಲ್ಲಿ ಅದು ತಯಾರಾಗೋದು ಕಡಿಮೆಯಾಗುತ್ತೆ. ಹಳದಿ-ಕಿತ್ತಳೆ ಬಣ್ಣದ ಕ್ಯಾರೋಟೀನ್ ಮಾತ್ರ ಆಗುತ್ತಲೇ ಇರುತ್ತೆ. ಪುಣೆಯ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ದಾಗ ನೇರ ಬಿಸಿಲಿಗೆ ಬಿದ್ದ ಹಣ್ಣು ಗಾಳಿಗಿಂತಲೂ ಹೆಚ್ಚು ಕಾದಿರುತ್ತೆ. ಆಗ ಚೆರೋಕೀ ಕೂಡ ನೇರಳೆಗೆ ತಿರುಗದೆ ಮಾಸಲು ಕಿತ್ತಳೆ-ಕಂದಾಗಿ ಹಣ್ಣಾಗುತ್ತೆ. ಅದನ್ನೆಲ್ಲ ನಾನು ಕ್ರಿಮ್ ಅಂತ ಬರೆದು ಒಂದೇ ಲಕೋಟೆಗೆ ಹಾಕಿದೆ. ಬಿಸಿಲು ತಡೆದು ಬಂದ ಬೀಜ ಅನ್ನೋ ಹೆಮ್ಮೆಯಿಂದ ಇಲ್ಲಿನ ಪರಿಚಯದ ಕನ್ನಡದವರಿಗೂ ಹಂಚಿದೆ. ಅವರ ಕುಂಡಗಳೂ, ಅವರು ಸೆಪ್ಟೆಂಬರಿನಿಂದ ನೀರುಣಿಸಿದ ಶ್ರಮವೂ ನನ್ನ ಲೆಕ್ಕಕ್ಕೇ ಬಂತು.

ಇನ್ನೂ ದೊಡ್ಡ ತೊಂದರೆ ಹೂವಿನಲ್ಲಿದೆ. ಟೊಮೆಟೊ ಹೂವು ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತೆ. ಶಲಾಕಾಗ್ರ (ಪರಾಗ ಬಂದು ಅಂಟುವ ಹೂವಿನ ನಡುವಿನ ತುದಿ) ಹಳದಿ ಕೇಸರಗಳ ಒಳಗೇ ಅಡಗಿರೋದರಿಂದ ಜಾತಿ ಶುದ್ಧವಾಗಿ ಉಳಿಯುತ್ತೆ. ಬಿಸಿ ಹೆಚ್ಚಾದಾಗ ಆ ತುದಿ ಹೊರಗೆ ಚಾಚಿಕೊಳ್ಳುತ್ತೆ, ಒಳಗಿನ ಪರಾಗವೂ ಕೆಡುತ್ತೆ. ಆಗ ಪಕ್ಕದ ಕುಂಡದ ಪರಾಗವನ್ನು ದುಂಬಿ ತಂದರೆ ಅದೇ ಅಂಟುತ್ತೆ. ಅಂದರೆ ಕಡುಬಿಸಿಲಲ್ಲೂ ಕಾಯಿ ಕಟ್ಟಿತು ಅಂತ ನೀವು ಮೆಚ್ಚಿ ಆರಿಸುವ ಹಣ್ಣಿನಲ್ಲೇ ಬೆರಕೆ ಬೀಜ ಇರುವ ಸಾಧ್ಯತೆ ಹೆಚ್ಚು. ಹಣ್ಣು ನೋಡಿದರೆ ಇದು ಗೊತ್ತಾಗೋದೇ ಇಲ್ಲ, ಏಕೆಂದರೆ ಸಿಪ್ಪೆ, ತಿರುಳು ಎಲ್ಲ ತಾಯಿಗಿಡದ್ದು. ಬೆರಕೆ ಕಾಣೋದು ಆ ಬೀಜ ಮುಂದಿನ ಸಲ ಗಿಡವಾದಾಗ.

ಗುರುತಿನ ವಿಷಯ ಬಗೆಹರಿಸಿದವರು ನಮ್ಮ ಅತ್ತೆ. ಜನವರಿಯಲ್ಲಿ ಸಾರಿಗೆ ಅಂತ ಟೊಮೆಟೊ ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿಯುತ್ತಿದ್ದರು. ತಟ್ಟೆಯ ಅಂಚಿನಲ್ಲಿ ಎರಡು ಸಿಪ್ಪೆ ಬಿಡಿಸಿಟ್ಟು ಕರೆದರು: "ಇಲ್ಲಿ ನೋಡವಾ, ಇದರ ಸಿಪ್ಪಿ ಹಳದಿ ಅದ, ಇದರದು ಪ್ಲಾಸ್ಟಿಕ್ ಹಾಳಿ ಇದ್ದಂಗ ಅದ. ಎರಡೂ ಒಂದ ಜಾತಿ ಹೆಂಗ ಆಗ್ತಾವ?"

ಆಗೋದಿಲ್ಲ. ಇವೆರಡರ ತಿರುಳಿನಲ್ಲೂ ಕೆಂಪಿನ ಜೊತೆ ಹಸಿರು ಉಳಿದುಕೊಂಡಿರುತ್ತೆ, ಅದಕ್ಕೇ ಆ ಕಪ್ಪು ಛಾಯೆ. ಮೇಲೆ ಬಣ್ಣವಿಲ್ಲದ ಸಿಪ್ಪೆ ಇದ್ದರೆ ಹಣ್ಣು ನೇರಳೆ, ಹಳದಿ ಸಿಪ್ಪೆ ಇದ್ದರೆ ಕಂದು. ಚೆರೋಕೀ ಪರ್ಪಲ್‌ಗೆ ಬಣ್ಣವಿಲ್ಲದ ಸಿಪ್ಪೆ, ಬ್ಲ್ಯಾಕ್ ಕ್ರಿಮ್‌ಗೆ ಹಳದಿ. ಹೊರಗಿನ ಬಣ್ಣ ಕೈಕೊಟ್ಟಾಗಲೂ ಸಿಪ್ಪೆ ಉಪಯೋಗಕ್ಕೆ ಬರುತ್ತೆ. ಬಣ್ಣ ತಿರುಗಲು ಶುರುವಾದ ಹಣ್ಣನ್ನು ಕಿತ್ತು ಮನೆಯೊಳಗೆ ತಂಪಾದ ಕಡೆ ಹಣ್ಣು ಮಾಡಿ. ಸಿಪ್ಪೆ ಸುಲಿದು, ಒಳಗಂಟಿದ ತಿರುಳನ್ನು ಉಗುರಿನಿಂದ ಕೆರೆದು, ಬಿಳಿ ಹಾಳೆ ಮೇಲಿಟ್ಟು ನೋಡಿ.

ಒಂದು ಎಚ್ಚರಿಕೆ. ಚೆರೋಕೀ ಪರ್ಪಲ್‌ಗೆ ಆ ಹೆಸರಿಟ್ಟವರು ಅಮೆರಿಕದ ಕ್ರೇಗ್ ಲಹೂಲಿಯರ್, 1990ರಲ್ಲಿ ಟೆನೆಸಿಯಿಂದ ಅಂಚೆಯಲ್ಲಿ ಬೀಜ ಬಂದಾಗ. ಅವರದೇ ತೋಟದಲ್ಲಿ 1995ರಲ್ಲಿ ಅದರೊಳಗಿಂದಲೇ ಹಳದಿ ಸಿಪ್ಪೆಯ ಗಿಡವೊಂದು ಬಂತು. ಅದೇ ಚೆರೋಕೀ ಚಾಕೊಲೇಟ್. ಹಾಗಾಗಿ ಸಿಪ್ಪೆ ಹಳದಿ ಇದ್ದರೆ ಅದು ಪರ್ಪಲ್ ಅಲ್ಲ ಅಂತ ಖಂಡಿತ ಹೇಳಬಹುದು, ಕ್ರಿಮ್ಮೇ ಅಂತ ಹೇಳೋಕೆ ಬರಲ್ಲ. ನಿಮಗೆ ಬೀಜ ಕೊಟ್ಟವರ ಹತ್ತಿರ ಚಾಕೊಲೇಟ್ ಇತ್ತಾ ಕೇಳಿ.

ಇನ್ನು "ಬಿಸಿಲು ತಡೆಯೋದು ಯಾವುದು" ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಬಿಸಿ ಪ್ರದೇಶದ ಪಟ್ಟಿಗಳಲ್ಲಿ ಇವೆರಡರ ಹೆಸರೂ ಕಾಣಿಸುತ್ತೆ, ನಿಜ. ಆದರೆ ಟೊಮೆಟೊಗೆ ಹಗಲಿನ ಬಿಸಿಲಿನಷ್ಟೇ ರಾತ್ರಿಯ ಸೆಕೆಯೂ ಶತ್ರು. ರಾತ್ರಿ 24 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಹೂವು ಕಾಯಿ ಕಟ್ಟದೆ ಉದುರೋದೇ ಹೆಚ್ಚು. ಪುಣೆಯಲ್ಲಿದ್ದುಕೊಂಡು ಇವನ್ನು ಬೇಸಿಗೆಗೆ ಯಾಕೆ ಬೆಳೆಸಬೇಕು? ಡಿಸೆಂಬರ್-ಜನವರಿಯ ರಾತ್ರಿ ಇಲ್ಲಿ 10-12 ಡಿಗ್ರಿಗೆ ಇಳಿಯುತ್ತೆ, ಮುಂಬೈನವರಿಗೂ ಗೋವಾದವರಿಗೂ ಇಲ್ಲದ ಭಾಗ್ಯ ಅದು. ಆಗಸ್ಟ್ ಕೊನೆಗೆ ಬೀಜ ಹಾಕಿ, ಚಳಿಗಾಲದಲ್ಲಿ ಹಣ್ಣು ತಿನ್ನಿ. ಬೀಜ ಬೇಕೆಂದರೆ ಮೊಗ್ಗು ಇದ್ದಾಗಲೇ ಗೊಂಚಲಿಗೆ ತಾಂಬೂಲ ಕೊಡುವ ಜಾಲರಿ ಚೀಲ ಕಟ್ಟಿ, ದಿನಾ ಬೆಳಿಗ್ಗೆ ಮೆಲ್ಲಗೆ ತಟ್ಟಿ, ಕಾಯಿ ಕಟ್ಟಿದ ಮೇಲೆ ಚೀಲ ತೆಗೆದು ದಾರ ಕಟ್ಟಿ ಗುರುತು ಮಾಡಿ.

ಬೇಸಿಗೆಗೂ ಟೊಮೆಟೊ ಬೇಕೇ ಬೇಕು ಅಂದರೆ ವಿದೇಶಿ ಹೆಸರುಗಳನ್ನು ಬಿಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ಹಾಕಿ. ಟಿಪ್‌ಟಾಪ್ ಎಂಬ ಅಮೆರಿಕನ್ ತಳಿಯಿಂದಲೇ ಆರಿಸಿದ್ದು ಅದು, 80-90 ಗ್ರಾಂ ತೂಗುವ ಹಣ್ಣು, ನೀರಿನ ಕೊರತೆಯನ್ನೂ ತಡೆಯುತ್ತೆ. ಹೈಬ್ರಿಡ್ ಅಲ್ಲ, ಬೀಜ ಇಟ್ಟುಕೊಳ್ಳಬಹುದು. ಮಧ್ಯಾಹ್ನ ಹಸಿರು ನೆಟ್ ಕಟ್ಟಿ. ಎಲೆ ಮುದುಡಿದ ಗಿಡ ಕಂಡರೆ ಮರುಗದೆ ಕಿತ್ತುಹಾಕಿ. ಬಿಸಿ ಹೆಚ್ಚಿದ ಹಾಗೆ ಬಿಳಿ ನೊಣವೂ ಹೆಚ್ಚುತ್ತೆ, ಆ ರೋಗವನ್ನು ಪಕ್ಕದ ಕುಂಡಕ್ಕೆ ಒಯ್ಯೋದು ಅದೇ.