ಕಾರನ್ನು ಗುಂಪು ಸುತ್ತುವರಿದಾಗ

ಪ್ರಶ್ನೆ: ಪ್ರತಿಭಟನಾಕಾರರು ರಸ್ತೆ ತಡೆದು ಕಾರಿನ ಬಾನೆಟ್ ಬಡಿಯುವ, ಚಾಲಕ ಗಾಬರಿಗೊಂಡು ಅವರ ನಡುವೆಯೇ ಕಾರು ನುಗ್ಗಿಸುವ ವಿಡಿಯೊಗಳನ್ನು ಆಗಾಗ ನೋಡುತ್ತೇನೆ. ಒಳಗಿದ್ದವನಿಗೆ ಜೀವಭಯವಾಗಿದ್ದರೆ ಅದು ಆತ್ಮರಕ್ಷಣೆಯಲ್ಲವೇ?

ಉತ್ತರ: ಭಯವಾಯಿತು ಎಂಬುದೊಂದೇ ಸಾಲದು. ಆ ಭಯಕ್ಕೆ ವಿವೇಕವುಳ್ಳ ಬೇರೊಬ್ಬರೂ ಒಪ್ಪುವಂಥ ಕಾರಣವಿತ್ತೇ, ಅಪಾಯ ಆ ಕ್ಷಣದಲ್ಲೇ ಎದುರಿಗಿತ್ತೇ, ಬಳಸಿದ ಬಲ ಅದಕ್ಕೆ ತಕ್ಕಷ್ಟೇ ಇತ್ತೇ ಎಂದು ನ್ಯಾಯಾಲಯ ಕೇಳುತ್ತದೆ. ರಸ್ತೆಗೆ ಅಡ್ಡ ನಿಂತವನು ಕಾನೂನು ಮುರಿದಿರಬಹುದು; ಆದರೆ ಅವನ ಮೇಲೆ ಸಾವಿರಾರು ಕಿಲೊ ತೂಕದ ವಾಹನ ಹಾಯಿಸಲು ಅದು ಪರವಾನಗಿಯಲ್ಲ. ಹಾಗೆಯೇ, ಘೋಷಣೆ ಕೂಗುತ್ತಿದ್ದವರು ಗಾಜು ಒಡೆದು, ಬಾಗಿಲು ತೆಗೆದು, ಒಳಗಿದ್ದವನನ್ನು ಹೊರಗೆಳೆಯಲು ಕೈ ಹಾಕಿದರೆ ಅದನ್ನು ಪ್ರತಿಭಟನೆ ಎನ್ನಲಾಗದು, ಅದು ಹಲ್ಲೆಯೇ. ಬಾನೆಟ್ ಮೇಲೆ ಬಿದ್ದ ಏಟು ಇವೆರಡರ ನಡುವೆ ಬರುತ್ತದೆ, ನಿಜವಾದ ತೊಡಕಿರುವುದೂ ಅಲ್ಲಿಯೇ.

ನನ್ನ ಮಟ್ಟಿಗೆ ಇಂಥ ಪ್ರಕರಣಗಳಲ್ಲಿ ಮೊದಲು ನೋಡಬೇಕಾದದ್ದು ಚಾಲಕನಿಗೆ ಬೇರೆ ದಾರಿ ಇತ್ತೇ ಎಂಬುದನ್ನು. 2017ರ ಆಗಸ್ಟ್ 12ರಂದು ಅಮೆರಿಕದ ಶಾರ್ಲಟ್ಸ್‌ವಿಲ್‌ನಲ್ಲಿ ಜನಾಂಗದ್ವೇಷದ ವಿರುದ್ಧ ಸೇರಿದ್ದ ಗುಂಪಿನ ಮೇಲೆ ಒಬ್ಬ ಕಾರು ನುಗ್ಗಿಸಿದಾಗ ಒಬ್ಬ ಮಹಿಳೆ ಸತ್ತರು, ಹತ್ತಾರು ಜನ ಗಾಯಗೊಂಡರು. ಪ್ರಾಣಭಯದಿಂದ ಹಾಗೆ ಮಾಡಿದ ಎಂಬುದು ಅವನ ಪರ ವಾದ. ಆದರೆ ಅವನು ಇಳಿಜಾರು ಬೀದಿಯಲ್ಲಿ ಕಾರು ನಿಲ್ಲಿಸಿ, ಹಿಂದಕ್ಕೆ ಸರಿಸಿ, ಆಮೇಲೆ ವೇಗವಾಗಿ ಮುಂದಕ್ಕೆ ಬಿಟ್ಟದ್ದು ವಿಡಿಯೊದಲ್ಲಿತ್ತು. ಹಿಂದಕ್ಕೆ ಸರಿಯಲು ಸಾಧ್ಯವಾದವನಿಗೆ ಹಾಗೆಯೇ ಹೊರಟುಹೋಗಲೂ ಸಾಧ್ಯವಿತ್ತಲ್ಲವೇ? 2018ರ ಡಿಸೆಂಬರ್‌ನಲ್ಲಿ ಜ್ಯೂರಿ ಅವನನ್ನು ಕೊಲೆ ಅಪರಾಧಿ ಎಂದು ತೀರ್ಮಾನಿಸಿತು.

2021ರಲ್ಲಿ ಅದೇ ದೇಶದ ಒಕ್ಲಹೋಮ ರಾಜ್ಯ, ಗಲಭೆಯಿಂದ ತಪ್ಪಿಸಿಕೊಳ್ಳುವಾಗ ಉದ್ದೇಶವಿಲ್ಲದೆ ಯಾರಿಗಾದರೂ ಪೆಟ್ಟು ಅಥವಾ ಸಾವು ಉಂಟುಮಾಡಿದ ಚಾಲಕನಿಗೆ, ಓಡಿಹೋಗದೆ ವಿಧಿಯಿಲ್ಲವೆಂದು ಅವನು ಸಕಾರಣವಾಗಿ ನಂಬಿದ್ದರೆ, ರಕ್ಷಣೆ ಕೊಡುವ ಕಾನೂನು ಮಾಡಿತು. ಸಿಕ್ಕಿಬಿದ್ದವನ ಕಷ್ಟ ನನಗೂ ಅರ್ಥವಾಗುತ್ತದೆ. ಆದರೂ ಎದುರಿಗಿರುವುದು ಗಲಭೆಯೋ ಶಾಂತ ಮೆರವಣಿಗೆಯೋ ಎಂಬುದನ್ನು ಹೆದರಿದ ಚಾಲಕನೇ ಸ್ಟೀರಿಂಗ್ ಹಿಡಿದು ನಿರ್ಧರಿಸಬೇಕಾಗಿ ಬರುವುದು ಅಪಾಯಕರ. (ಕಾರಿನ ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಿಕೊಂಡವರಿಗೆ ಈ ಮಾತು ರುಚಿಸಲಿಕ್ಕಿಲ್ಲ.)

ನೀವೇ ಸಿಕ್ಕಿಕೊಂಡರೆ ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ, ಇಳಿಯದೆ, ವಾಗ್ವಾದಕ್ಕೂ ಹೋಗದೆ ಪೊಲೀಸರಿಗೆ ಕರೆ ಮಾಡಿ. ಹಿಂದೆ ಜಾಗವಿದ್ದರೆ ನಡಿಗೆಯ ವೇಗದಲ್ಲಿ ಹಿಂದಕ್ಕೆ ಸರಿಯಿರಿ. ಒಳಗೆ ಕೈಗಳು ನುಗ್ಗಿ, ಬೇರೆ ದಾರಿಯೇ ಇಲ್ಲದೆ ಕಾರು ಮುಂದಕ್ಕೆ ಬಿಡಬೇಕಾಗಿ ಬಂದು ಯಾರಿಗಾದರೂ ತಗುಲಿದ್ದರೆ, ಸುರಕ್ಷಿತ ಜಾಗ ತಲುಪಿದ ಕೂಡಲೇ ಪೊಲೀಸರಿಗೆ ನೀವೇ ತಿಳಿಸಿ. ಮನೆಗೆ ಹೋಗಿ ಕಾರು ತೊಳೆದು ಮಲಗಿದವನು ಆಮೇಲೆ ಆತ್ಮರಕ್ಷಣೆ ಎಂದರೆ ನಂಬುವವರು ಕಡಿಮೆ.